ಕಿಲೋಗೆ ಮೂರೂವರೆ ಡಬ್ಬಿ

ನಗರಸಭೆ ನನಗೆ ಕೊಟ್ಟದ್ದು
ಒಂದು ರಟ್ಟು, ಒಂದು ಪೆನ್ನು, ಹಣೆಗೆ ಕಟ್ಟುವ ದೀಪ,
ಮತ್ತೊಂದು ಪ್ರಶ್ನೆ:
ಈ ಊರು ಎಲ್ಲಿಂದ ಉಣ್ಣುತ್ತದೆ?

ಅದಕ್ಕೇ ಅಂಟಾನನಾರಿವೊದ ಮೂಡಣ ನಾಕೆಯಲ್ಲಿ
ಜುಲೈ ಚಳಿಗೆ ಹಲ್ಲು ಕಟಕಟ ಅನ್ನುವಾಗ
ಬೆಳಗಿನ ಮೂರಕ್ಕೇ ನಿಂತಿರುತ್ತೇನೆ.
ಕಡಲ ಕಡೆಯಿಂದ ಘಟ್ಟ ಹತ್ತಿದ ಲಾರಿಗಳು
ಏದುಸಿರು ಬಿಡುತ್ತ ಬಂದು ನಿಲ್ಲುತ್ತವೆ.
ಏನಿದೆ?
ಬಾಳೆ. ಒಣಮೀನು. ಅಕ್ಕಿ.
ಎಷ್ಟು?
ತುಂಬಾ, ಅನ್ನುತ್ತಾನೆ ಚಾಲಕ, ಆಕಳಿಸುತ್ತ.
ನನ್ನ ಕಾಗದದಲ್ಲಿ ‘ತುಂಬಾ’ಕ್ಕೆ ಕಾಲಂ ಇಲ್ಲ.

ನಕಾಶೆಯಲ್ಲೂ ಹಾಗೇ.
ರಸ್ತೆ ಕೆಂಪು, ಮನೆ ಹಳದಿ, ನದಿ ನೀಲಿ,
ಊರ ನಡುವಿನ ತಗ್ಗು ಮಾತ್ರ ಬಿಳಿ:
‘ಖಾಲಿ ಜಾಗ’.
ಆ ಖಾಲಿಯಲ್ಲಿ ವುಲತಿಯಾನ
ಮೊಣಕಾಲು ನೀರಲ್ಲಿ ನಿಂತು ಸೊಪ್ಪು ಕೊಯ್ಯುತ್ತಾಳೆ,
ಚಿಕ್ಕ ದುಂಡೆಲೆ, ನಾಲಗೆಗೆ ಚುರುಕ್ ಅನ್ನುವ ನೀರಸೊಪ್ಪು.
ದಿನಕ್ಕೆ ಎಷ್ಟು ಕಟ್ಟು?
ಬೆನ್ನು ನೆಟ್ಟಗೆ ಮಾಡಿ ನನ್ನ ದೀಪ ನೋಡಿದಳು:
‘ಬರೆದುಕೊಂಡರೆ ಬಿಡಿಸುತ್ತೀರಾ, ಉಳಿಸುತ್ತೀರಾ?’
ಗೊತ್ತಿಲ್ಲ ಅಂದೆ. ನಿಜವೇ ಅದು.
ಎರಡು ಕಟ್ಟು ಕೊಟ್ಟಳು, ಕಾಸು ಬೇಡವೆಂದಳು.
ಈ ನೀರು ಎಲ್ಲಿಂದ ಬರುತ್ತದೆ ಎಂದು
ಕೇಳಬೇಕಿತ್ತು, ಕೇಳಲಿಲ್ಲ.
ಮೇಲಿನ ಕೇರಿಯ ಚರಂಡಿ ಅಲ್ಲೇ ಕಾಣುತ್ತಿತ್ತು.

ಜನವರಿಯಲ್ಲಿ ಚಂಡಮಾರುತ ಬಂತು.
ಘಟ್ಟದ ಮಣ್ಣು ರಸ್ತೆಯ ಮೇಲೆ ಮಲಗಿತು.
ನನ್ನ ಲೆಕ್ಕ ಆಗ ಮೊದಲ ಬಾರಿ ಮೇಜು ಹತ್ತಿತು.
ಇಂಜಿನಿಯರ್ ಸುಲುಫು ಓದಿದ:
‘ದಾಸ್ತಾನು ಒಂಬತ್ತು ದಿನಕ್ಕೆ ಸಾಕು. ಗಾಬರಿ ಬೇಡ.’
ಯಾರೋ ಕಿಟಕಿ ಮುಚ್ಚಿದರು, ಮಳೆ ಸದ್ದಿಗೆ.

ಮೂರನೆಯ ದಿನ ಅನುಸಿಬೆ ಸಂತೆಗೆ ಹೋದೆ.
ಅಕ್ಕಿ ಇತ್ತು. ಇಲ್ಲವೆನ್ನಲಾರೆ, ರಾಶಿಯೇ ಇತ್ತು,
ನಾನು ಬರೆದಷ್ಟೇ ಇತ್ತು.
ಆದರೆ ನಮ್ಮಲ್ಲಿ ಅಕ್ಕಿಯನ್ನು ಕಿಲೋದಲ್ಲಿ ಕೊಳ್ಳುವವರು ಯಾರು?
ಗಟ್ಟಿ ಹಾಲಿನ ಖಾಲಿ ಡಬ್ಬಿಯೇ ನಮ್ಮ ಸೇರು, ನಮ್ಮ ಪಾವು.
ಕಿಲೋಗೆ ಮೂರೂವರೆ ಡಬ್ಬಿ,
ಅಂಬೆಗಾಲಿಡುವ ಕೂಸಿಗೂ ಗೊತ್ತು.
ಅಂದು ಡಬ್ಬಿಗೆ ರೇಟು ಏರಿತ್ತು.
ರೇಟು ಏರಿಸಲು ಮುಖವಿಲ್ಲದವರು
ಡಬ್ಬಿಯ ತಳವನ್ನು ಕಲ್ಲಿನಿಂದ ಒಳಗೆ ಗುದ್ದಿದ್ದರು.
ಮೇಲಿಂದ ನೋಡಿದರೆ ಗೋಪುರ ಕಟ್ಟಿ ಅಳೆದ ಧಾರಾಳ,
ಅಡಿಯಿಂದ ನೋಡಿದರೆ ಒಂದು ಹಿಡಿ ಕಡಿಮೆ.
ನನ್ನ ಮುಂದಿದ್ದ ಹುಡುಗಿ, ಕಾಂತು ಅಂತ ಹೆಸರು,
ತನ್ನ ಪಾಲಿನ ಒಂದು ಡಬ್ಬಿ ಲಂಗದಲ್ಲಿ ಸುರಿಸಿಕೊಂಡು
ಬೆರಳಿಂದ ಹರಡಿ ನೋಡಿದಳು,
ಏನೂ ಅನ್ನಲಿಲ್ಲ.
ಐದು ಜನಕ್ಕೆ, ಅಂದಳು ಆಮೇಲೆ, ನಾನು ಕೇಳದೆ.

ಆ ವಾರ ಊರು ತಿಂದದ್ದು ಸೊಪ್ಪು.
ಬಿಳಿ ಬಣ್ಣದ ಖಾಲಿ ಜಾಗದಿಂದ,
ಮುಳುಗಿ ಉಳಿದ ಮಡಿಗಳಿಂದ,
ತಲೆಹೊರೆಯಲ್ಲಿ, ಯಾವ ನಾಕೆಯನ್ನೂ ದಾಟದೆ
ಬಂದದ್ದು. ಹಾಗಾಗಿ ಯಾವ ಲೆಕ್ಕಕ್ಕೂ ಸಿಗದ್ದು.

ಸಭೆಗೆ ಆ ತಳ ಗುದ್ದಿದ ಡಬ್ಬಿ ಒಯ್ದು
ನಕಾಶೆಯ ಆ ಬಿಳಿ ತಗ್ಗಿನ ಮೇಲೆ ಇಟ್ಟೆ.
ಭಾಷಣ ತಯಾರಿಸಿಕೊಂಡಿದ್ದೆ, ಗಂಟಲಲ್ಲೇ ಉಳಿಯಿತು.
ಶಾಲೆ ಅಡುಗೆಮನೆಗೆ ಎಷ್ಟು ಮೂಟೆ ಎಂದು
ಗಂಟೆಗಟ್ಟಲೆ ಜಗ್ಗಾಡಿದರು.
ಒಬ್ಬರು ಡಬ್ಬಿಯಲ್ಲಿ ಪೆನ್ನು ನಿಲ್ಲಿಸಿದರು.
ತಳ ಉಬ್ಬಿತ್ತಲ್ಲ, ಪೆನ್ನು ವಾಲಿತು.
ಸುಲುಫು ಎತ್ತಿ ತಿರುಗಿಸಿ ನೋಡಿದ.
ಬೆರಳನ್ನು ಆ ಗುಳಿಯಲ್ಲಿಟ್ಟು ಸುಮ್ಮನೆ ಕೂತ.

ಈಗ ಹೊಸ ನಕಾಶೆಯಲ್ಲಿ ತಗ್ಗಿಗೆ ಹಸಿರು ಬಳಿದಿದ್ದಾರೆ.
ಹಸಿರು ಬಳಿದರೆ ಲಾರಿ ಮಣ್ಣು ಸುರಿಯುವುದಿಲ್ಲ
ಎಂದು ನಾನು ಆಣೆ ಮಾಡಲಾರೆ.
ಚರಂಡಿಯದು ಬೇರೆ ಇಲಾಖೆಯಂತೆ.
ವುಲತಿಯಾನಳಿಗೆ ತೋರಿಸಿದೆ. ‘ನನ್ನದು ಇಷ್ಟು ಚಿಕ್ಕದಾ?’
ನಕ್ಕಳು, ಒದ್ದೆ ಹೆಬ್ಬೆರಳನ್ನು ಅದರ ಮೇಲೆ ಒತ್ತಿದಳು.

ಮತ್ತೆ ಮೂರು ಗಂಟೆ, ಮತ್ತೆ ನಾಕೆ.
ಪಡ್ಡಿನಂಥ ಅಕ್ಕಿರೊಟ್ಟಿ ಬೇಯಿಸುವವಳು
ತಳ ಹಿಡಿದ ಅನ್ನದ ಸೀಕಲಿಗೆ ನೀರು ಹೊಯ್ದು ಕಾಸಿ
ಒಂದು ಲೋಟ ಕೊಡುತ್ತಾಳೆ. ಬೆಚ್ಚಗೆ, ಕಹಿಯ ಅಂಚಿನ ಸಿಹಿ.
ಎಷ್ಟು? ಎಂದು ಚಾಲಕನನ್ನು ಕೇಳುತ್ತೇನೆ.
ತುಂಬಾ.
ಬರೆದುಕೊಳ್ಳುತ್ತೇನೆ: ತುಂಬಾ.
ಪಕ್ಕದಲ್ಲಿ, ಪೆನ್ಸಿಲಿನಲ್ಲಿ: ಯಾರಿಗೆ?